ಸುಣ್ಣದ ಲೆಕ್ಕ

ಬಾಡಿಗೆ ಮನೆಗೆ ಸೇರುವ ದಿನ ಗೋಡೆಯನ್ನು ಯಾರೂ ನೋಡುವುದಿಲ್ಲ. ನೀರು ಎಷ್ಟು ಹೊತ್ತಿಗೆ ಬಿಡುತ್ತಾರೆ, ಬೈಕು ಎಲ್ಲಿ ನಿಲ್ಲಿಸಬೇಕು, ನಿಮ್ಮ ಮನೇಲಿ ಮಾಂಸ ಮಾಡ್ತೀರಾ? ಮಾತೆಲ್ಲ ಇಷ್ಟೇ. ಅಡ್ವಾನ್ಸ್ ಎಣಿಸಿಕೊಟ್ಟು, ಬೀಗದ ಕೈ ಇಸಿದುಕೊಂಡು, ಹಾಲು ಉಕ್ಕಿಸಿದರೆ ಮುಗಿಯಿತು. ಗೋಡೆಗೆ ಬೆಲೆ ಬರುವುದು ಮನೆ ಬಿಡುವ ದಿನ.

ಈ ಪ್ರಬಂಧ ಬರೆದ ಮೇಷ್ಟ್ರು ತುಮಕೂರಿನ ಎಸ್.ಎಸ್. ಪುರಂನಲ್ಲಿ ಮಹಡಿ ಮನೆಯೊಂದನ್ನು ಖಾಲಿ ಮಾಡಿದಾಗ ಮಾಲೀಕರು ಹಗಲು ಹೊತ್ತಿನಲ್ಲೇ ಮೊಬೈಲಿನ ಟಾರ್ಚ್ ಹಾಕಿಕೊಂಡು ಬಂದರು. ಟೀವಿಯ ಎದುರುಗೋಡೆಯಲ್ಲಿ, ಮೇಷ್ಟ್ರು ದಿನಾ ಒರಗಿ ಕೂರುತ್ತಿದ್ದ ಕಡೆ, ಕೊಬ್ಬರಿಯೆಣ್ಣೆಯ ಕಲೆ ತಟ್ಟೆಯಗಲ ಹರಡಿತ್ತು. ಸ್ನಾನದಮನೆಯ ನಲ್ಲಿಗಳ ಮೇಲೆ ಬೋರ್‌ವೆಲ್ ನೀರಿನ ಬಿಳಿ ಪಕಳೆ. ಕೊನೆಗೆ ಮೊಳೆಯ ತೂತುಗಳ ಮೇಲೆ ಬೆರಳಾಡಿಸಿದರು.

"ಏನ್ ಮೇಷ್ಟ್ರೇ, ಇದೇನ್ ಗೋಡೇನೋ ಹುತ್ತಾನೋ?"

"ಅದ್ರಲ್ಲಿ ಅರ್ಧ ನಾವು ಬರೋಕೆ ಮುಂಚೇನೇ ಇದ್ವು, ಯಜಮಾನ್ರೇ."

"ಯಾವ ಅರ್ಧ?"

ಮಾತು ಅಲ್ಲಿಗೆ ನಿಂತಿತು. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ, ಅಂದರೆ 9,000 ರೂಪಾಯಿ, ಮುರಿದುಕೊಂಡರು. ನಲ್ಲಿಗೆ ಬೇರೆ, ಸ್ವಿಚ್ಚಿಗೆ ಬೇರೆ. ಹೊಸ ಬಾಡಿಗೆಯವರು ಬಂದಾಗ ಗೋಡೆಗೆ ಬಣ್ಣ ಬಿತ್ತೇ ಎಂದರೆ, ಇಲ್ಲ. ಎಣ್ಣೆಯ ಕಲೆಗೆ ಅವರು ಸೋಫಾ ಒತ್ತರಿಸಿ ಹಾಕಿಕೊಂಡರಂತೆ.

ಅದೇ ಊರಿನ ಚಿಕ್ಕಪೇಟೆಯ ವಠಾರದಲ್ಲಿ ಮೇಷ್ಟ್ರು ಹುಡುಗನಾಗಿದ್ದಾಗ ಲೆಕ್ಕ ಬೇರೆ ಇತ್ತು. ಯುಗಾದಿ ಹತ್ತಿರ ಬಂದಾಗ ಮಾಲೀಕರು ಒಂದು ಮೂಟೆ ಸುಣ್ಣದ ಕಲ್ಲು ತರಿಸಿ ಅಂಗಳದಲ್ಲಿ ಹಾಕಿಸುವರು. ಹಳೇ ಡ್ರಮ್ಮಿಗೆ ಕಲ್ಲು ತುಂಬಿ ನೀರು ಹೊಯ್ದರೆ ಒಲೆಯಿಲ್ಲದೆಯೇ ಕೊತಕೊತ ಕುದಿಯುತ್ತಿತ್ತು. ಮಕ್ಕಳನ್ನು ದೂರ ನಿಲ್ಲಿಸುತ್ತಿದ್ದರು. ಮರುದಿನ ಅದನ್ನು ಸೋಸಿ, ಚಿಟಿಕೆ ನೀಲಿ ಕಲಸಿ, ಅಂಟಲಿ ಎಂದು ಒಂದಿಷ್ಟು ಗೋಂದು ಹಾಕಿ, ಅವರವರ ಗೋಡೆಗೆ ಅವರವರೇ ಬಳಿಯಬೇಕು. ಸುಣ್ಣ ಮಾಲೀಕರದ್ದು, ಕೈ ಸುಡುವುದು ಬಾಡಿಗೆಯವರದ್ದು. ಒರಗಿದರೆ ಅಂಗಿಯ ಬೆನ್ನು ಬೆಳ್ಳಗಾಗುತ್ತಿತ್ತು. ಆದರೆ ವರ್ಷಕ್ಕೊಮ್ಮೆ ಎಲ್ಲ ಮೊಳೆ ತೂತುಗಳೂ ಮುಚ್ಚಿಹೋಗುತ್ತಿದ್ದುದರಿಂದ ಮನೆ ಬಿಡುವ ದಿನ ಎಣಿಸಲು ಏನೂ ಉಳಿಯುತ್ತಿರಲಿಲ್ಲ. ಡಿಸ್ಟೆಂಪರ್ ಬಂತು, ಪುಟ್ಟಿ ಬಂತು, ಎಮಲ್ಷನ್ ಬಂತು. ಮನೆಯವರೇ ಬಳಿಯುವ ಕಾಲ ಹೋಗಿ ಪೇಂಟರ್ ಕೂಲಿಯ ಕಾಲ ಬಂತು. ಹಬ್ಬದ ಕೆಲಸವಾಗಿದ್ದ ಸುಣ್ಣ ಹೀಗೆ ಅಡ್ವಾನ್ಸಿನಲ್ಲಿ ಮುರಿಯುವ ಬಾಬ್ತಾಯಿತು.

ಕಾನೂನು ಈ ಜಗಳಕ್ಕೆ ಸುಣ್ಣದ ಕಾಲದಲ್ಲೇ ಉತ್ತರ ಬರೆದಿಟ್ಟಿದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಪ್ರಕರಣದ ಪ್ರಕಾರ ಬಾಡಿಗೆದಾರ ಮನೆಯನ್ನು ತಾನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು. ಆದರೆ ಬಳಕೆಯಿಂದ ಸಹಜವಾಗಿ ಆಗುವ ಸವೆತಕ್ಕೆ ಅವನು ಹೊಣೆಯಲ್ಲ. ತಲೆ ಒರಗಿದ ಕಲೆ ಸಹಜ ಸವೆತವೋ ಅಲ್ಲವೋ? ಬ್ರಿಟಿಷರು ಕೊಬ್ಬರಿಯೆಣ್ಣೆಯ ಬಗ್ಗೆ ಏನೂ ಬರೆದಿಲ್ಲ. ಮೇಲಾಗಿ ಆ ಪ್ರಕರಣಕ್ಕೇ ಒಂದು ಬಾಗಿಲಿದೆ: ಕರಾರಿನಲ್ಲಿ ಬೇರೆ ಬರೆದಿದ್ದರೆ ಕರಾರೇ ಮೇಲು. ನಮ್ಮ ಕರಾರುಗಳೋ, ಟೈಪಿಂಗ್ ಅಂಗಡಿಯ ಕಂಪ್ಯೂಟರಿನಲ್ಲಿ ಹೆಸರು ಬದಲಾಯಿಸಿ ಪ್ರಿಂಟ್ ತೆಗೆದವು. 1908ರ ನೋಂದಣಿ ಕಾಯ್ದೆಯಂತೆ ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕಾದ್ದರಿಂದ ಎಲ್ಲಕ್ಕೂ ಅವಧಿ 11 ತಿಂಗಳು; ಎಲ್ಲದರ ಕೊನೆಯಲ್ಲೂ "ಪೇಂಟಿಂಗ್ ಬಾಬ್ತು ಒಂದು ತಿಂಗಳ ಬಾಡಿಗೆ". ಓದದೆ ಸಹಿ ಹಾಕಿದವರ ಪೈಕಿ ಕನ್ನಡದ ಮೇಷ್ಟ್ರುಗಳೂ ಇದ್ದಾರೆ.

ರಾಜ್ಯದ್ದೇ ಬಾಡಿಗೆ ಕಾಯ್ದೆ ಇದೆಯಲ್ಲ ಎನ್ನಬಹುದು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದಲ್ಲಿ ಬಾಡಿಗೆಯವರನ್ನು ಎಬ್ಬಿಸುವುದೇ ಮಾಲೀಕರಿಗೆ ದೊಡ್ಡ ತಲೆನೋವಾಗಿತ್ತು. ಅದರ ಜಾಗಕ್ಕೆ ಬಂದ 1999ರ ಕಾಯ್ದೆ 2001ರ ಡಿಸೆಂಬರ್ 31ರಂದು ಜಾರಿಯಾಯಿತು. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಅದು ಹೊರಗಿಟ್ಟಿತು. ಆ ಬಾಡಿಗೆಗೆ ಈಗ ಒಂದು ರೂಮು ಸಿಕ್ಕರೂ ಪುಣ್ಯ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಯ ಅಡ್ವಾನ್ಸನ್ನು ಎರಡು ತಿಂಗಳಿಗೆ ಇಳಿಸಿತು; ಬೇರೆ ಒಪ್ಪಂದ ಇಲ್ಲದಿದ್ದರೆ ಗೋಡೆಗೆ ಸುಣ್ಣ, ಕಿಟಕಿ ಬಾಗಿಲಿಗೆ ಬಣ್ಣ ಮಾಲೀಕರ ಪಾಲು, ನಲ್ಲಿ, ಸ್ವಿಚ್ಚು, ಒಡೆದ ಗಾಜು ಬಾಡಿಗೆಯವರ ಪಾಲು ಎಂದು ಪಟ್ಟಿಯನ್ನೇ ಕೊಟ್ಟಿತು. ಪಟ್ಟಿ ಚೆನ್ನಾಗಿದೆ. ಆದರೆ ರಾಜ್ಯಗಳು ಒಪ್ಪಿಕೊಂಡು ಕಾನೂನು ಮಾಡಿದರಷ್ಟೇ ಅದಕ್ಕೆ ಜೀವ.

9,000 ರೂಪಾಯಿಗೆ ಕೋರ್ಟು ಹತ್ತುವವರಾರು? ನೋಟಿಸು, ಓಡಾಟ ಕಳೆದರೆ ಉಳಿಯುವುದು ಹಗೆ. ಕೋರ್ಟ್ ಶುಲ್ಕವಿಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಲೋಕ ಅದಾಲತ್‌ನಲ್ಲಿ ರಾಜಿಯಾಗುವ ದಾರಿಯಿದೆ. ಆದರೆ ಮನೆ ಬಿಟ್ಟವನಿಗೆ ಅಷ್ಟು ಹೊತ್ತಿಗೆ ಹೊಸ ಮನೆಯ ಅಡ್ವಾನ್ಸಿನ ಚಿಂತೆ ಹತ್ತಿರುತ್ತದೆ.

ವರ್ಗವಾಗಿ ಮೇಷ್ಟ್ರು ಗುಬ್ಬಿಗೆ ಹೋದರು. ಬಿದರೆಹಳ್ಳ ಕಾವಲಿನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಮೇಲಿನ ದಿನಗಳು. "ಎಚ್‌ಎಎಲ್‌ನೋರು ಕೇಳ್ತಾವ್ರೆ" ಅನ್ನುವುದು ಮಾಲೀಕರ ಬಾಯಲ್ಲಿ ಮಂತ್ರವಾಗಿತ್ತು. ಗುಬ್ಬಿಯ ಹೆಸರು ಹೊತ್ತ ನಾಟಕ ಕಂಪನಿ 1884ರಲ್ಲಿ ಹುಟ್ಟಿ, ಊರೂರಲ್ಲಿ ಕ್ಯಾಂಪು ಹಾಕಿ ಕಿತ್ತೇ ಬದುಕಿದ್ದು. ಅದನ್ನು ಮುಂದೆ ನಡೆಸಿದ ಗುಬ್ಬಿ ವೀರಣ್ಣನವರು ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದವರು. ಆ ಮೈದಾನಗಳ ಮಾಲೀಕರು ಕ್ಯಾಂಪು ಎದ್ದ ದಿನ ಟಾರ್ಚ್ ಹಿಡಿದು ಬಂದಿದ್ದರೆ ಎಷ್ಟು ಮುರಿದುಕೊಳ್ಳಬೇಕಿತ್ತೋ.

ಗುಬ್ಬಿಯ ತಕರಾರು ಗೋಡೆಯದ್ದಲ್ಲ, ಮೀಟರಿನದ್ದು. ಗೃಹಜ್ಯೋತಿಯ ಉಚಿತ ಕರೆಂಟಿಗೆ ಮೇಷ್ಟ್ರ ಆಧಾರ್ ಆ ಮನೆಯ ಆರ್.ಆರ್. ನಂಬರಿಗೆ ಜೋಡಣೆಯಾಗಿತ್ತು. ಅದನ್ನು ಬಿಡಿಸದೆ ಹೊಸಬರ ಹೆಸರು ಕೂರುವಂತಿಲ್ಲ. ಬಿಡಿಸುವವರೆಗೆ ಇರಲಿ ಎಂದು ಮಾಲೀಕರು 2,000 ರೂಪಾಯಿ ಹಿಡಿದಿಟ್ಟುಕೊಂಡರು. ನ್ಯಾಯವಾಗಿ ನೋಡಿದರೆ ಇದೊಂದು ಕಡಿತವನ್ನು ಒಪ್ಪಬೇಕು: ಡಿ-ಲಿಂಕ್ ಆದ ಸಂಜೆಯೇ ದುಡ್ಡು ವಾಪಸ್ ಬಂತು. ಕುಣಿಗಲ್ಲಿಗೆ ಹೊರಟಿದ್ದೇನೆ ಎಂದಾಗ ಮಾತ್ರ, ಆ ಕಡೆಗೆ ನೀರು ಒಯ್ಯುವ ಹೇಮಾವತಿ ಎಕ್ಸ್‌ಪ್ರೆಸ್ ಕೆನಾಲಿನ ಸಿಟ್ಟೆಲ್ಲ ಸೇರಿಸಿ, "ನಮ್ ನೀರ್ ಸಾಲ್ದು ಅಂತ ಮೇಷ್ಟ್ರನ್ನೂ ಅಲ್ಲಿಗೇ ಕರ್ಸ್ಕೊಂಡ್ರಾ?" ಎಂದರು.

ಕುಣಿಗಲ್ಲಿನಲ್ಲಿ ಹಿಂದೆ ಕುದುರೆಗಳೂ ಬಾಡಿಗೆ ಜಾಗದಲ್ಲೇ ಇದ್ದವು. ಟಿಪ್ಪುವಿನ ಕಾಲದ ನೆನಪಿರುವ ಅಲ್ಲಿನ ಸ್ಟಡ್ ಫಾರ್ಮನ್ನು ಯುಬಿ ಸಮೂಹದ ಕಂಪನಿ 1992ರಲ್ಲಿ ಸರ್ಕಾರದಿಂದ 30 ವರ್ಷಕ್ಕೆ ಗುತ್ತಿಗೆ ಪಡೆದಿತ್ತು. ಮೇಷ್ಟ್ರ ಮನೆ ಅಷ್ಟು ದೊಡ್ಡದಲ್ಲ. ಹಿಂದೆ ಹಿಡಿಯಷ್ಟು ಹಿತ್ತಿಲಿತ್ತು. ಈ ಸಲ ಅವರು ಮೂಟೆ ಬಿಚ್ಚುವ ಮೊದಲೇ ಮನೆಯ ಮೂಲೆಮೂಲೆಯನ್ನೂ ವಿಡಿಯೊ ಮಾಡಿಕೊಂಡರು. ಈ ಬುದ್ಧಿ ಹೇಳಿಕೊಟ್ಟವನು ಇಂಗ್ಲೆಂಡಿನಲ್ಲಿರುವ ತಂಗಿಯ ಮಗ. "ಇಲ್ಲಿ ಗೋಡೆ ಮೇಲಿನ ಗೀರನ್ನೂ ಬರ್ದು ಸಹಿ ಹಾಕಿಸ್ಕೋತಾರೆ ಮಾವ" ಎಂದಿದ್ದ. ಅಲ್ಲಿ 2007ರಿಂದ ಅಡ್ವಾನ್ಸನ್ನು ಸರ್ಕಾರ ಒಪ್ಪಿದ ಯೋಜನೆಯೊಂದರ ಅಡಿಯಲ್ಲಿ ಭದ್ರಪಡಿಸಬೇಕು; 2019ರಿಂದ ಸಾಮಾನ್ಯ ಮನೆಗಳಿಗೆ ಐದು ವಾರದ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಹತ್ತು ತಿಂಗಳ ಅಡ್ವಾನ್ಸ್ ಕೇಳಿ ರೂಢಿಯಾದ ಬೆಂಗಳೂರಿನವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ.

ಮತ್ತೆ ತುಮಕೂರಿಗೆ ಹೊರಟು ಕುಣಿಗಲ್ ಮನೆ ಬಿಡುವಾಗ ಮಾಲೀಕರಮ್ಮ ಮಲಗುವ ಕೋಣೆಯ ತೇವ ತೋರಿಸಿದರು. ಮೇಷ್ಟ್ರು ವಿಡಿಯೊ ತೋರಿಸಿದರು. ಅದೇ ತೇವ, ಅದೇ ಮೂಲೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ಇನ್ನೊಂದು ಸಲ ಹಾಕಿಸಿ ನೋಡಿ, "ಒಳ್ಳೇ ಪೊಲೀಸ್ನೋರ್ ತರ ಇಟ್ಕೊಂಡಿದೀರಲ್ಲ" ಎಂದು ಪೇಂಟಿಂಗ್ ಬಾಬ್ತು ಅರ್ಧಕ್ಕೆ ಇಳಿಸಿದರು.

ಉಳಿದದ್ದು ಹಿತ್ತಿಲಿನ ಪಪ್ಪಾಯಿ. ಮೇಷ್ಟ್ರ ಹೆಂಡತಿ ನೆಟ್ಟ ಗಿಡ, ಮೈತುಂಬ ಕಾಯಿ. 108ನೇ ಪ್ರಕರಣ ಇದಕ್ಕೂ ದಾರಿ ಹೇಳಿದೆ: ಬಾಡಿಗೆದಾರ ತಾನು ನೆಟ್ಟದ್ದನ್ನು ಬಿಡುವ ಮೊದಲು ಕಿತ್ತೊಯ್ಯಬಹುದು, ಜಾಗ ಮಾತ್ರ ಮೊದಲಿದ್ದಂತೆ ಇರಬೇಕು, ಅವಧಿ ನಿಗದಿಯಿಲ್ಲದ ಬಾಡಿಗೆ ಮುಗಿದರೆ ತಾನು ಬೆಳೆದ ಫಸಲು ಕೊಯ್ಯಲು ಬಂದುಹೋಗುವ ಹಕ್ಕೂ ಅವನಿಗುಂಟು. ಅಮ್ಮ ಆ ಕಾಯ್ದೆ ಓದಿದವರಲ್ಲ.

"ಗಿಡ ಬೇಕಾದ್ರೆ ಕಿತ್ಕೊಂಡ್ ಹೋಗಿ ಮೇಷ್ಟ್ರೇ, ಗುಂಡಿ ಮುಚ್ಚಿ ಕೊಡಿ. ಇಲ್ಲಾ, ಬಿಟ್ ಹೋಗಿ. ಹಣ್ಣಾದಾಗ ಫೋನ್ ಮಾಡ್ತೀನಿ, ಬಂದ್ ತಗೊಂಡ್ ಹೋಗೋರಂತೆ."

ಮೇಷ್ಟ್ರ ಹೆಂಡತಿ ಬಿಟ್ಟು ಹೋಗುವುದಕ್ಕೇ ಒಪ್ಪಿದರು. ಉಳಿಕೆ ಅಡ್ವಾನ್ಸ್ ನಿಂತ ಜಾಗದಲ್ಲೇ ಫೋನ್‌ಪೇಗೆ ಬಂತು. ಫೋನು ಮರುತಿಂಗಳು ಬಂತು. ಮೂರು ಹಣ್ಣು ತುಮಕೂರಿಗೆ ಬಸ್ಸಿನಲ್ಲಿ ಬಂದವು, ಒಂದನ್ನು ಅಮ್ಮ ಇಟ್ಟುಕೊಂಡರು.