ನಡವಳಿಯಲ್ಲಿ ಬರೆಯದ ಮಾತು

ಕಂಪೆನಿಯ ಕಚೇರಿಯಲ್ಲಿ ಎರಡು ಬಗೆಯ ಪುಸ್ತಕಗಳಿರುವುವು. ಲೆಕ್ಕದ ಪುಸ್ತಕವು ಹಣವೆಲ್ಲಿ ಹೋಯಿತೆಂಬುದನ್ನು ಹೇಳಬೇಕು. ನಡವಳಿಯ ಪುಸ್ತಕವು ಯಾರ ಒಪ್ಪಿಗೆಯಿಂದ ಹೋಯಿತೆಂಬುದನ್ನು ಹೇಳಬೇಕು. ಆದರೆ ಎರಡನೆಯದನ್ನು ತೆರೆದವರಿಗೆ ಒಂದೇ ವಾಕ್ಯವು ಮೇಲಿಂದ ಮೇಲೆ ಕಾಣುವುದು: “ಸರ್ವಾನುಮತದಿಂದ ಅಂಗೀಕೃತವಾಯಿತು.” ಹತ್ತು ಮಂದಿ ಕುಳಿತೆಡೆಯಲ್ಲಿ ಹತ್ತು ಮನಸ್ಸೂ ಪ್ರತಿ ಸಲವೂ ಒಂದೇ ಆಗುವುದು ಒಂದು ಮನೆಯೊಳಗೂ ಕಾಣದ ಸೋಜಿಗ. ಈ ಸೋಜಿಗದ ಹಿಂದೇನಿದೆಯೆಂದು ಜನರನ್ನು ಕೇಳಿ ತಿಳಿಯಹೊರಟವನೊಬ್ಬ ತರುಣ ಸಂಶೋಧಕನು ಪಟ್ಟ ಪಾಡು ಇಲ್ಲಿಯ ವಿಷಯ.

ಎಣಿಸಿ ನೋಡಿದರೆ ಸಾಲದೆ, ಕೇಳುವುದೇಕೆ ಎಂದು ಕೆಲವರು ಆಕ್ಷೇಪಿಸಬಹುದು. 2000ರಲ್ಲಿ ಸೆಬಿಯು ಕಂಪೆನಿಗಳ ಆಡಳಿತಕ್ಕೆ ನಿಯಮಗಳನ್ನು ವಿಧಿಸಿತು. 2013ರ ಕಂಪೆನಿ ಶಾಸನವು, ಪೇಟೆಯಲ್ಲಿ ಷೇರು ಮಾರಾಟವಾಗುವ ಕಂಪೆನಿಯ ನಿರ್ದೇಶಕರಲ್ಲಿ ಮೂರರಲ್ಲೊಂದು ಪಾಲಾದರೂ ಸ್ವತಂತ್ರರಿರಬೇಕೆಂದಿತು. ಇವನ್ನು ಎಣಿಸುವುದು ಸುಲಭ. ಆದರೆ ಹೈದರಾಬಾದಿನ ಸತ್ಯಂ ಕಂಪೆನಿಯಲ್ಲಿ ಎಣಿಕೆಗೇನೂ ಕೊರತೆಯಿರಲಿಲ್ಲ. ವಿದ್ವಾಂಸರೂ ಅನುಭವಸ್ಥರೂ ಅದರ ಮಂಡಲಿಯಲ್ಲಿದ್ದರು. ಉತ್ತಮ ಆಡಳಿತಕ್ಕಾಗಿ 2008ರಲ್ಲಿ ಅದಕ್ಕೆ ಬಹುಮಾನವೂ ಬಂದಿತ್ತು. ಅದೇ ವರ್ಷದ ಡಿಸೆಂಬರ್ 16ರಂದು, ಅಧ್ಯಕ್ಷರ ಮನೆತನಕ್ಕೆ ಸೇರಿದ ಎರಡು ಕಂಪೆನಿಗಳನ್ನು ಕೊಳ್ಳಲು ಮಂಡಲಿಯು ಒಪ್ಪಿತು. ಷೇರುದಾರರು ಕೂಗೆಬ್ಬಿಸಿದ ಮೇಲೆ ಆ ಠರಾವನ್ನು ಕೈಬಿಟ್ಟಿತು. 2009ರ ಜನವರಿ 7ರಂದು ಅಧ್ಯಕ್ಷರು ತಾವೇ ಪತ್ರ ಬರೆದು, ಲೆಕ್ಕಗಳು ಸುಳ್ಳೆಂದು ಒಪ್ಪಿಕೊಂಡರು. ಬಲ್ಲವರು ಕೂಡಿದ್ದ ಆ ಸಭೆಯಲ್ಲಿ ಒಬ್ಬರ ಬಾಯಿಂದಲೂ ‘ಬೇಡ’ವೆಂಬ ಮಾತು ಗಟ್ಟಿಯಾಗಿ ಹೊರಡದುದೇಕೆ? ಇದಕ್ಕೆ ಅಂಕಿಗಳು ಉತ್ತರ ಕೊಡಲಾರವು.

ತರುಣನು ಆರಿಸಿಕೊಂಡುದು ಒಂದು ಜಿಲ್ಲಾ ಪಟ್ಟಣದ ಕಂಪೆನಿಯನ್ನು. ಮಂಡಲಿಯ ನಡವಳಿಯು ಅವನಿಗೆ ದೊರೆಯುವಂತಿರಲಿಲ್ಲ. ಶಾಸನವು ಷೇರುದಾರರಿಗೆ ತೆರೆದಿಟ್ಟಿರುವುದು ಮಹಾಸಭೆಗಳ ನಡವಳಿಯನ್ನು ಮಾತ್ರ. ಪರಿಚಯದ ಪತ್ರವಿಲ್ಲದೆ ಬಾಗಿಲು ತೆರೆಯದು. ಪತ್ರ ತಂದರೆ, ಅದನ್ನು ಕೊಟ್ಟವರ ಕಡೆಯವನೆಂಬ ಮುದ್ರೆ ಬೀಳುವುದು. ಪ್ರಶ್ನೆ ಕೇಳಲು ಹೋದವನಿಗೇ ಮೊದಲು ಪ್ರಶ್ನೆಗಳು: ಯಾವ ಊರು, ಯಾರ ಮಗ, ಯಾರು ಕಳುಹಿಸಿದರು? ಸಮ್ಮತಿಯ ಕಾಗದವನ್ನು ಮುಂದಿಟ್ಟಾಗ, ಜನರು ಅದನ್ನು ಛಾಪಾಕಾಗದದಂತೆ ನೋಡಿ ಹಿಂಜರಿದರು. ಕಚೇರಿಯಲ್ಲಿ ಇಂಗ್ಲಿಷಿನಲ್ಲಿ ಬಂದ ಉತ್ತರಗಳು ವಾರ್ಷಿಕ ವರದಿಯ ಪಾಠದಂತಿದ್ದುವು. ಧ್ವನಿಮುದ್ರಣ ಯಂತ್ರವು ನಿಂತು, ಕಾಫಿಯ ಲೋಟ ಬಂದ ಬಳಿಕವೇ ಕನ್ನಡವೂ ನಿಜವೂ ಒಟ್ಟಿಗೆ ಹೊರಬರುತ್ತಿದ್ದುವು.

ಅಲ್ಲಿ ಕಾರ್ಯದರ್ಶಿಯಾಗಿದ್ದು ನಿವೃತ್ತರಾದ ಹಿರಿಯರೊಬ್ಬರನ್ನು ಅವನು ಸ್ವತಂತ್ರ ನಿರ್ದೇಶಕರ ವಿಷಯವಾಗಿ ಕೇಳಿದನು. ಅವರು ನಕ್ಕುಬಿಟ್ಟರು. “ಯಜಮಾನರ ಮಗಳ ಮದುವೆಯಲ್ಲಿ ನಿಂತು ಬೀಗರನ್ನು ಎದುರುಗೊಂಡವರಪ್ಪ ಅವರು. ಮಾರನೆಯ ದಿನ ಸಭೆಯಲ್ಲಿ ‘ಬೇಡ’ವೆಂದು ಹೇಗೆ ಅಂದಾರು?”

ತರುಣನ ಪ್ರಶ್ನಾವಳಿಯಲ್ಲಿ ‘ದಾಕ್ಷಿಣ್ಯ’ವೆಂಬ ಮಾತಿಗೆ ಸ್ಥಳವೇ ಇರಲಿಲ್ಲ. ಆ ಪ್ರಶ್ನೆಗಳ ಮೂಲವು 1992ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಕ್ಯಾಡ್ಬರಿ ವರದಿಯಂಥವುಗಳಲ್ಲಿತ್ತು. ಅಲ್ಲಿಯ ದೊಡ್ಡ ಕಂಪೆನಿಗಳಲ್ಲಿ ಷೇರುಗಳು ಬಹುಮಂದಿಯಲ್ಲಿ ಹಂಚಿಹೋಗಿದ್ದು, ಸಂಬಳದ ಅಧಿಕಾರಿಯನ್ನು ಒಡೆಯರು ಹೇಗೆ ಹದ್ದಿನಲ್ಲಿಡಬೇಕೆಂಬುದೇ ಚಿಂತೆ. ಇಲ್ಲಿಯಾದರೋ ಒಡೆತನವೂ ಅಧಿಕಾರವೂ ಒಂದೇ ಮನೆತನದಲ್ಲಿದ್ದು, ಹೊರಗಿನ ಸಣ್ಣ ಷೇರುದಾರನನ್ನು ಕಾಯುವವರಾರೆಂಬುದು ಚಿಂತೆ. ಅಳತೆಗೋಲು ಬೇರೆಡೆಯದಾದರೆ, ಅಳೆದುದೂ ಬೇರೆಯೇ ಆಗುವುದು.

ಕೊನೆಗೊಂದು ಸಂಜೆ ಹಿರಿಯರು ತಾವಾಗಿಯೇ ಹೇಳಿದರು. ಯಜಮಾನರ ಭಾವಮೈದುನನ ಅಂಗಡಿಗೆ ಕಂಪೆನಿಯಿಂದ ಸಾಲ ಕೊಡುವ ಮಾತು ಬಂದಾಗ, ಒಬ್ಬ ನಿರ್ದೇಶಕರು ಮಾತ್ರ ವಿರೋಧಿಸಿದ್ದರು. ಅದನ್ನು ಬರೆಯಬೇಡಿರೆಂದು ಅಪ್ಪಣೆಯಾಯಿತು. “ಸರ್ವಾನುಮತವೆಂದು ಬರೆದ ಕೈ ಇದೇ” ಎಂದು ಅವರು ಬಲಗೈಯನ್ನು ನೋಡಿಕೊಂಡರು.

ತರುಣನಿಗೆ ಬೇಕಾಗಿದ್ದ ಮಾತು ಅದು. ಆದರೆ ಅವರ ಮಗನು ಅದೇ ಕಂಪೆನಿಯಲ್ಲಿ ನೌಕರ. ಹೆಸರನ್ನು ಮರೆಮಾಚಿದರೂ, ಅಂಥ ಕಂಪೆನಿ ಒಂದೇ ಇರುವ ಊರಿನಲ್ಲಿ ಯಾರೆಂದು ತಿಳಿಯಲು ಎಷ್ಟು ಹೊತ್ತು? ಬರೆದರೆ ನಂಬಿದವರಿಗೆ ಕೇಡು. ಬರೆಯದಿದ್ದರೆ ಅವನ ಗ್ರಂಥವೂ ಆ ನಡವಳಿಯ ಪುಸ್ತಕದಂತೆಯೇ ಆಗುವುದು.

ಒಂದು ವಾರ ನಿದ್ದೆಗೆಟ್ಟು, ಅವನು ಬರೆದ ಪುಟವನ್ನು ಕೊಂಡೊಯ್ದು ಹಿರಿಯರಿಗೆ ಕನ್ನಡದಲ್ಲಿ ಓದಿ ಹೇಳಿದನು. ಅವರು ಸಾಲವನ್ನೂ ನೆಂಟಸ್ತಿಕೆಯನ್ನೂ ಊರಿನ ಗುರುತನ್ನೂ ಹೊಡೆಸಿಹಾಕಿದರು. ಉಳಿದುದು ಒಂದೇ ಸಾಲು: ಒಬ್ಬರು ಬೇಡವೆಂದರು, ಅದನ್ನು ಬರೆಯಲಿಲ್ಲ. “ಇದಿರಲಿ. ಇದನ್ನು ಮಾತ್ರ ಹೊಡೆಯಬೇಡಪ್ಪ” ಎಂದರು.

ಪರೀಕ್ಷಕರು ಆ ಸಾಲಿನ ಬದಿಯಲ್ಲಿ, ‘ಆಧಾರವೆಲ್ಲಿ?’ ಎಂದು ಬರೆದು ಕಳುಹಿಸಿದರು. ತರುಣನಲ್ಲಿ ತೋರಿಸತಕ್ಕ ಆಧಾರವಿರಲಿಲ್ಲ. ಆದರೂ ಅವನು ಸಾಲನ್ನು ತೆಗೆಯಲಿಲ್ಲ. ಒಮ್ಮೆ ನಡವಳಿಯಿಂದ ಬಿಟ್ಟುಹೋದ ಮಾತನ್ನು ಎರಡನೆಯ ಸಲ ಬಿಡಲು ಅವನ ಕೈ ಬರಲಿಲ್ಲ.