ಹದ ಆರುವ ಮುಂಚೆ

ನವಲಗುಂದ ಸೀಮೆಯ ಎರೆ ಹೊಲಕ್ಕೆ ಹದ ಬಂದರೆ ಅದು ಯಾರ ಸಲುವಾಗಿಯೂ ಕಾಯುವುದಿಲ್ಲ. ಮಳೆ ಬಿದ್ದ ಮರುದಿನ ಕಾಲಿಟ್ಟರೆ ಚಪ್ಪಲಿ ಮಣ್ಣಲ್ಲೇ ಉಳಿಯುತ್ತದೆ. ಹಾಗೇ ಬಿಟ್ಟರೆ ಮೇಲ್ಮಣ್ಣು ಆರಿ ಬಿರುಕು ಬಿಡುತ್ತದೆ. ನಡುವೆ ಸಿಗುವ ನಾಲ್ಕಾರು ದಿನಗಳಲ್ಲೇ ಕಡಲೆ ಬಿತ್ತಿ ಮುಗಿಸಬೇಕು. ಅಂಥ ಹೊತ್ತಿನಲ್ಲೇ ನಮ್ಮ ಕಾಕಾನ ಟ್ರ್ಯಾಕ್ಟರ್ ಕೈಕೊಟ್ಟಿತು. ಆಗ ಆದದ್ದು ಹಸ್ತ ಮಳೆಯೋ ಚಿತ್ತಿಯೋ ಗಟ್ಟಿಯಾಗಿ ಹೇಳಲಾರೆ. ಚಿತ್ತಿಯೇ ಇರಬೇಕು, ಯಾಕೆಂದರೆ ಆಚೆ ಹೊಲದ ಬಿಳಿಜೋಳ ಆಗಲೇ ಗೇಣುದ್ದ ಎದ್ದಿತ್ತು.

ಅದಕ್ಕೆ ಬಂದ ರೋಗವೂ ವಿಚಿತ್ರದ್ದು. ಕೂರಿಗೆ ಇಳಿಸಿ ಹೊರಟರೆ ಒಂದಷ್ಟು ಸಾಲು ಸರಾಗವಾಗಿ ಎಳೆಯುತ್ತಿತ್ತು. ಆಮೇಲೆ ಇಂಜಿನ್ನಿನ ದನಿ ಕುಗ್ಗುವುದು, ಏರುವುದು, ಮತ್ತೆ ಕುಗ್ಗಿ ನಿಂತೇಬಿಡುವುದು. ಒಂದು ಬೀಡಿ ಸೇದುವಷ್ಟು ಹೊತ್ತು ಬಿಟ್ಟು ಸೆಲ್ಫ್ ಹೊಡೆದರೆ ಮತ್ತೆ ಚಾಲೂ. ಮಧ್ಯಾಹ್ನದ ಹೊತ್ತಿಗೆ ಅದೂ ಹೋಯಿತು, ಎಷ್ಟು ಹೊಡೆದರೂ ಹತ್ತಲೇ ಇಲ್ಲ.

ಬದುವಿನ ಮೇಲೆ ಮಂದಿ ಕೂಡಿತು. ಫಿಲ್ಟರ್ ಕಟ್ಟಿರಬೇಕೆಂದು ಒಬ್ಬರು. ಫಿಲ್ಟರ್ ಎರಡನ್ನೂ ಡ್ರೈವರ್ ಹುಡುಗ ಹಿಂದಿನ ದಿನವೇ ಬದಲಿಸಿದ್ದ. ಪಕ್ಕದ ಹೊಲದ ಗೌಡರು ಮಾತ್ರ ಖಡಾಖಂಡಿತವಾಗಿ, "ಪಂಪ್ ಹೋಗೇತಿ. ಬಿಚ್ಚಿ ಹುಬ್ಬಳ್ಳಿಗೆ ಒಯ್ರಿ" ಅಂದರು. ಹುಬ್ಬಳ್ಳಿಗೆ ಒಯ್ಯುವುದೆಂದರೆ ಹದ ಹೋಯಿತೆಂದೇ ಲೆಕ್ಕ. ನಮ್ಮ ಕಾಕಾಗೆ ಚಿಂತೆ ಹತ್ತಿದರೆ ಮಾತು ನಿಲ್ಲುತ್ತಿತ್ತು. ಹೆಗಲ ಮೇಲಿನ ಟವೆಲ್ ತೆಗೆದು ಕೊಡವುವುದು, ಮತ್ತೆ ಹಾಕಿಕೊಳ್ಳುವುದು, ಮತ್ತೆ ಕೊಡವುವುದು, ಇದೇ ಕೆಲಸ. ಆವತ್ತು ಆ ಟವೆಲ್ಲಿಗೆ ವಿಶ್ರಾಂತಿಯೇ ಇರಲಿಲ್ಲ.

ಅಣ್ಣಿಗೇರಿಯಿಂದ ಮಿಸ್ತ್ರಿಯನ್ನು ಕರೆತಂದರು. ವಯಸ್ಸಾದ ಸಾಬರು. ಬಂದವರೇ ಪಾನಾ ಹಿಡಿಯಲಿಲ್ಲ. ಅಡಿಕೆ ಚೂರು ಬಾಯಿಗೆ ಹಾಕಿಕೊಂಡು ಕೇಳಿದ ಮೊದಲ ಮಾತು: "ಗಕ್ಕನ ನಿಂತಿತೋ, ಕೆಮ್ಮಿ ಕೆಮ್ಮಿ ನಿಂತಿತೋ?"

"ಕೆಮ್ಮಿ ನಿಂತೇತ್ರಿ," ಅಂದರು ಕಾಕಾ.

ಸ್ಟಾಪ್ ವಾಯರ್ ಪೂರ್ತಿ ಹಿಂದೆ ಸರಿಯುತ್ತದೋ ಇಲ್ಲವೋ ಬೆರಳಿಂದ ತಳ್ಳಿ ನೋಡಿ, ಹುಡುಗನಿಗೆ ಸೆಲ್ಫ್ ಹೊಡೆಯಲು ಹೇಳಿ, ತಾವು ಸೈಲೆನ್ಸರ್ ಬಾಯಿಯನ್ನೇ ನೋಡುತ್ತ ನಿಂತರು. "ಹೊಗಿ ಇಲ್ಲ ನೋಡ್ರಿ. ಅಂದ್ರ ಎಣ್ಣಿ ಮುಟ್ಟವಲ್ದು. ಬೆಳ್ಳನ ಹೊಗಿ ಬಂದಿದ್ರ ಎಣ್ಣಿ ಮುಟ್ಟೇತಿ, ಉರಿಯವಲ್ದು ಅನ್ನಬೌದಿತ್ತು."

ಗೌಡರು ಮತ್ತೆ ಪಂಪಿನ ಮಾತೆತ್ತಿದರು. "ಪಂಪ್ ಮುಟ್ಟೋದು ಎಲ್ಲಾದಕ್ಕೂ ಕಡೀಗ್ರಿ," ಅಂದರು ಮಿಸ್ತ್ರಿ. ಆ ಮಾತಿನ ಬೆಲೆ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆ ಪಂಪಿನೊಳಗಿನ ಪ್ಲಂಜರಿಗೂ ಅದರ ಸುತ್ತಲಿನ ಗೋಡೆಗೂ ನಡುವಿನ ಸಂದು ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಎರಡು ಮೂರು ಪಾಲಿನಷ್ಟು. ಎರೆ ಹೊಲದ ಧೂಳಿನಲ್ಲಿ ಅದನ್ನು ಬಿಚ್ಚಿದರೆ ಇಲ್ಲದ ರೋಗ ಬರುತ್ತದೆ.

ಅವರು ಶುರು ಮಾಡಿದ್ದು ಟ್ಯಾಂಕಿಯಿಂದ. ಮುಚ್ಚಳ ತಿರುವುತ್ತ ಕಿವಿಗೊಟ್ಟರು. ಮುಚ್ಚಳದ ಸಣ್ಣ ತೂತು ಕಟ್ಟಿದ್ದರೆ ಒಳಗೆ ಗಾಳಿ ಎಳೆದುಕೊಂಡು ಸುಂಯ್ ಅನ್ನಬೇಕಿತ್ತು. ಅನ್ನಲಿಲ್ಲ. ಫೀಡ್ ಪಂಪಿಗೆ ಬರುವ ಪೈಪು ಬಿಚ್ಚಿ ಕೆಳಗೆ ತಂಬಿಗೆ ಹಿಡಿದರು. ಟ್ಯಾಂಕಿ ಮೇಲಿರುವುದರಿಂದ ಡೀಸೆಲ್ ತಾನಾಗಿಯೇ ಇಳಿಯಬೇಕು. ದಪ್ಪ ಧಾರೆಯೇ ಬಂತು. "ಬರಾಕತ್ತೇತಲ್ಲ!" ಅಂದ ಹುಡುಗ. "ತಡಿ ತಮ್ಮಾ," ಅಂದು ಮಿಸ್ತ್ರಿ ಹಿಡಿದ ತಂಬಿಗೆ ಹಿಡಿದೇ ಕೂತರು. ತಂಬಿಗೆ ಅರ್ಧ ತುಂಬುವಷ್ಟರಲ್ಲಿ ಧಾರೆ ದಾರವಾಯಿತು, ದಾರ ಹನಿಯಾಯಿತು. ಪೈಪಿಗೆ ಬಾಯಿಟ್ಟು ಜೋರಾಗಿ ಊದಿದರು. ಟ್ಯಾಂಕಿಯೊಳಗೆ ಗುಳುಗುಳು ಸದ್ದು, ಹಿಂದೆಯೇ ಮತ್ತೆ ದಪ್ಪ ಧಾರೆ.

"ಟ್ಯಾಂಕಿ ಬಾಯಾಗ ಏನೋ ಬಂದು ಕುಂದರತೇತಿ," ಅಂದು ಅವರು ಡೀಸೆಲ್ ಉಗುಳಿದರು.

ಟ್ಯಾಂಕಿಯ ಡೀಸೆಲ್ ಡಬ್ಬಿಗಳಿಗೆ ಇಳಿಯುವಷ್ಟರಲ್ಲಿ ಕಾಕಿ ಬುತ್ತಿ ತಂದರು. ಜೋಳದ ರೊಟ್ಟಿ, ಪುಂಡಿ ಪಲ್ಯ, ಗುರೆಳ್ಳ ಹಿಂಡಿ, ಗಟ್ಟಿ ಮೊಸರು, ಜಜ್ಜಿದ ಉಳ್ಳಾಗಡ್ಡಿ. ಮಿಸ್ತ್ರಿ ಒಣ ಮಣ್ಣು ಕೈಗೆ ಹಚ್ಚಿ ತಿಕ್ಕಿ, ನೀರು ಹಾಕಿಸಿಕೊಂಡು ಮತ್ತೆ ಮಣ್ಣು ಹಚ್ಚಿ ತೊಳೆದರು. ಡೀಸೆಲ್ ವಾಸನೆಗೆ ಸಾಬೂನಿಗಿಂತ ಅದೇ ಮೇಲು ಅಂತ ಅವರ ಮಾತು. ಗುರೆಳ್ಳ ಹಿಂಡಿಯನ್ನು ಎರಡು ಸಲ ಹಾಕಿಸಿಕೊಂಡರು.

ಉಂಡೆದ್ದು ತಂತಿಯ ಕೊಂಡಿ ಇಳಿಬಿಟ್ಟು ಟ್ಯಾಂಕಿಯ ತಳ ತಡಕಿದಾಗ ಸಿಕ್ಕಿತು ಅದು. ಅಂಗೈ ಅಗಲದ ಪಾಲಿಥಿನ್ ಚೂರು. ಡೀಸೆಲ್ ತರುವ ಡಬ್ಬಿಯ ಮುಚ್ಚಳ ಸಡಿಲೆಂದು ಅದರಡಿ ಹಾಳೆ ಕಟ್ಟುವುದು ನಮ್ಮಲ್ಲಿ ವಾಡಿಕೆ. ಅದರ ತುಂಡು ಹರಿದು ಒಳಗೆ ಬಿದ್ದಿತ್ತು. ಇಂಜಿನ್ ಎಳೆದಾಗ ಅದು ಸೋಸಣಿಗೆಗೆ ಅಂಟಿದ ಹಾಲಿನ ಕೆನೆಯಂತೆ ಬಂದು ಬಾಯಿ ಮುಚ್ಚುವುದು. ನಿಂತಾಗ ಸಡಿಲಾಗಿ ಪಕ್ಕಕ್ಕೆ ಸರಿಯುವುದು. ಕಾಕಾ ಅದನ್ನು ಬಿಸಿಲಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. ಟವೆಲ್ ಹೆಗಲ ಮೇಲೆ ಸುಮ್ಮನಿತ್ತು.

ಇನ್ನು ಉಳಿದದ್ದು ಗಾಳಿ ತೆಗೆಯುವ ಕೆಲಸ. ಡೀಸೆಲನ್ನು ಒತ್ತಿದರೆ ಅದು ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಗಾಳಿ ಕುಗ್ಗುತ್ತದೆ. ಪೈಪಿನಲ್ಲಿ ಗುಳ್ಳೆ ಉಳಿದರೆ ಪಂಪಿನ ಒತ್ತೆಲ್ಲ ಅದನ್ನು ಹಿಂಡುವುದರಲ್ಲೇ ಮುಗಿದು ನೋಜಲ್ ತೆರೆಯುವುದಿಲ್ಲ. ಹುಡುಗ ಫೀಡ್ ಪಂಪಿನ ಕೈ ಒತ್ತುತ್ತಿದ್ದ, ಮಿಸ್ತ್ರಿ ಫಿಲ್ಟರಿನ ನೆತ್ತಿಯ ಸ್ಕ್ರೂ ಸಡಿಲಿಸಿದರು. ಮೊದಲು ಬಿಳಿ ನೊರೆ, ಆಮೇಲೆ ದೊಡ್ಡ ಗುಳ್ಳೆ, ಸಣ್ಣ ಗುಳ್ಳೆ, ಕಡೆಗೆ ಕಲೆಯಿಲ್ಲದ ತಿಳಿ ಧಾರೆ. ಧಾರೆ ಹರಿಯುತ್ತಿರುವಾಗಲೇ ಬಿಗಿದರು. ಮುಂದೆ ಎರಡನೇ ಫಿಲ್ಟರ್, ಆಮೇಲೆ ಪಂಪ್, ಕೊನೆಗೆ ನೋಜಲ್ ಪೈಪುಗಳ ನಟ್ಟು. ಬಗ್ಗಿ ನೋಡುತ್ತಿದ್ದ ನನ್ನನ್ನು ರಟ್ಟೆ ಹಿಡಿದು ಹಿಂದಕ್ಕೆಳೆದರು: "ಅಲ್ಲಿ ಕೈ ಒಡ್ಡಬ್ಯಾಡಪಾ, ಚರ್ಮದಾಗ ಹೊಕ್ಕತೇತಿ." ನೋಜಲ್ ತೆರೆಯಲು ಸುಮಾರು 200 ಬಾರ್ ಒತ್ತಡ ಬೇಕು, ಆ ಸಿಂಪಣೆ ಚರ್ಮ ತೂರಿದ ಗಾಯಕ್ಕೆ ಆಸ್ಪತ್ರೆಯೇ ಗತಿ.

ಸೆಲ್ಫ್ ಹೊಡೆಯುತ್ತ ನಟ್ಟು ಬಿಗಿಯುತ್ತ ಹೋದಂತೆ ಒಂದು ಸಿಲಿಂಡರ್ ಹತ್ತಿತು, ಇನ್ನೊಂದು ಹತ್ತಿತು, ಮೂರೂ ಕೂಡಿ ಇಂಜಿನ್ ಸಮನಾಗಿ ಗುಡುಗಿತು. ಮಿಸ್ತ್ರಿ ಎಷ್ಟು ದುಡ್ಡು ತೆಗೆದುಕೊಂಡರೋ ನನಗೆ ಗೊತ್ತಿಲ್ಲ. ಕಾಕಿ ಕಟ್ಟಿಕೊಟ್ಟ ಹಿಂಡಿಯ ಗಂಟನ್ನು ಮಾತ್ರ ಬೇಡವೆನ್ನಲಿಲ್ಲ. ಕಾಕಾ ದೀಪ ಹಾಕಿಕೊಂಡು ರಾತ್ರಿಯವರೆಗೂ ಬಿತ್ತಿದರು. ಅಷ್ಟರೊಳಗೆ ಪಕ್ಕದ ಗೌಡರು, "ನಮ್ಮದೂ ಯಾಕೋ ಕೆಮ್ಮಾಕತ್ತೇತಿ, ಒಂಚೂರು ನೋಡಿ ಹೋಗ್ರಿ," ಅಂತ ಮಿಸ್ತ್ರಿಯನ್ನು ತಮ್ಮ ಹೊಲಕ್ಕೆ ಕರೆದುಕೊಂಡು ಹೋಗಿದ್ದರು.