ಬೋಂಜೂರಿನಲ್ಲಿ ಸಿಕ್ಕ ಉರ್ದು

ಇಂಗ್ಲಿಷ್ ಗಟ್ಟಿಯಿಲ್ಲದವರಿಗೆ ಫ್ರೆಂಚ್ ಒಲಿಯುವುದಿಲ್ಲ ಎಂಬ ಮಾತನ್ನು ನಮ್ಮ ಹಳ್ಳಿಗಳ ಮಕ್ಕಳು ಪೇಟೆಯ ಕಾಲೇಜಿಗೆ ಹೋದ ಮೊದಲ ತಿಂಗಳಲ್ಲೇ ಕೇಳಿಸಿಕೊಳ್ಳುತ್ತಾರೆ. ನನ್ನ ಅಕ್ಕನ ಮಗಳೂ ಕೇಳಿಸಿಕೊಂಡಳು. ಪಿ.ಯು.ಸಿ.ಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇತ್ತು, ಉರ್ದುವೂ ಇತ್ತು. ಫ್ರೆಂಚನ್ನು ಅಕ್ಷರದಿಂದ ಕಲಿಸುತ್ತಾರೆ, ಅಂಕ ಸಲೀಸಾಗಿ ಬರುತ್ತದೆ ಎಂದು ಗೆಳತಿಯರು ಹೇಳಿದ್ದಕ್ಕೆ ಅದನ್ನೇ ಆರಿಸಿಕೊಂಡಳು. ರಜೆಗೆ ಇಂದೂರಿಗೆ ಬಂದಾಗ ಅವಳ ಪುಸ್ತಕದ ಮುಂದೆ ನಾನೂ ಕೂತೆ. ನಲವತ್ತು ದಾಟಿದ ಮೇಲೆ ಹೊಸ ಭಾಷೆಯ ಮೊದಲ ಪಾಠ ಓದುವುದರಲ್ಲಿ ಒಂದು ಸುಖವಿದೆ. ಯಾರೂ ಪರೀಕ್ಷೆ ಮಾಡುವುದಿಲ್ಲ.

ಮೊದಲ ಶಬ್ದ 'ಬೋಂಜೂರ್', ಅಂದರೆ ನಮಸ್ಕಾರ. ಅವಳು ಅದನ್ನು ಇಂಗ್ಲಿಷಿನ ಹಾದಿಯಲ್ಲಿ 'ಬಾನ್‌ಜೋರ್' ಎಂದು ಓದುತ್ತಿದ್ದಳು. ಮೊಬೈಲಿನಲ್ಲಿ ಫ್ರೆಂಚರ ಉಚ್ಚಾರ ಹಾಕಿ ಕೇಳಿದೆವು. 'ಬೋಂ' ಮೂಗಿನಲ್ಲೇ ನಿಲ್ಲುತ್ತದೆ, ತುಟಿ ಮುಚ್ಚುವುದಿಲ್ಲ. ಉರ್ದುವಿನ 'ಮಾಂ', 'ಕಹಾಂ' ಶಬ್ದಗಳ ಕೊನೆಯ ಚುಕ್ಕೆಯಿಲ್ಲದ ನೂನ್ ಗುನ್ನಾ ಅದು. ಕೊನೆಯ 'ರ್' ನಾಲಿಗೆಯ ತುದಿಯದಲ್ಲ, ಗಂಟಲಿನದು. "ಖಾಲಾ, ಇದು ನಮ್ಮ ಗೈನ್ ಅಲ್ವಾ?" ಎಂದಳು. ಹೌದು, ಗೈನಿನ ಹತ್ತಿರದ ನೆಂಟ. ಪ್ರತಿ ಅಕ್ಷರ ಬಾಯಿಯ ಯಾವ ಜಾಗದಿಂದ ಹೊರಡಬೇಕು ಎಂಬುದನ್ನು ಅವಳು ಚಿಕ್ಕಂದಿನಲ್ಲೇ ಕುರ್‌ಆನ್ ಓದಿಸುವ ಉಸ್ತಾದರಿಂದ ಕಲಿತಿದ್ದಳು. ಮನೆಯ ದಖನಿಯಲ್ಲಿ ನಾವು 'ಕಲಮ್' ಅನ್ನು 'ಖಲಮ್' ಮಾಡುವವರೇ. ಆದರೂ ಕಿವಿಗೆ ಆ ತರಬೇತಿ ಇತ್ತು.

ನಡುವಿನ 'ಜೂ' ಮಾತ್ರ ಅವಳಿಗೆ ಅಪರಿಚಿತ. ಅದು ಅರಬಿಯಲ್ಲಿಲ್ಲ. ಫಾರ್ಸಿಯಿಂದ ಉರ್ದುವಿಗೆ ಬಂದ, ಮೂರು ಚುಕ್ಕೆಯ 'ಝೆ' ಅಕ್ಷರದ ಧ್ವನಿ. ಉರ್ದು ಶಾಲೆಯಲ್ಲಿ ಓದಿದ ನನಗೆ ಅದು ಗೊತ್ತು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಅವಳಿಗೆ ಗೊತ್ತಿಲ್ಲ.

ಕನ್ನಡದ ಕಿವಿಯೂ ಕಡಿಮೆಯದಲ್ಲ. ಇಂಗ್ಲಿಷರು ಶಬ್ದದ ಮೊದಲ ಪ, ಟ, ಕಗಳಿಗೆ ಉಸಿರು ಸೇರಿಸುತ್ತಾರೆ. ಫ್ರೆಂಚರು ಸೇರಿಸುವುದಿಲ್ಲ. ಅವರ ತ, ದಗಳು ನಮ್ಮವುಗಳಂತೆ ಹಲ್ಲಿಗೆ ತಾಗುತ್ತವೆ. ಅಲ್ಪಪ್ರಾಣ, ಮಹಾಪ್ರಾಣ ಎಂದು ಮಗ್ಗಿಯಂತೆ ಹೇಳಿಕೊಂಡು ಬೆಳೆದ ಮಗುವಿಗೆ ಇದನ್ನು ಬೇರೆಯಾಗಿ ಕಲಿಸಬೇಕೆ?

ಬರೆದದ್ದನ್ನೆಲ್ಲ ಓದದಿರುವುದು ಕನ್ನಡದವರಿಗೆ ವಿಚಿತ್ರ. ಪ್ಯಾರಿಸ್ ಅಲ್ಲಿ 'ಪಾರಿ'. ಉರ್ದುವಿನಲ್ಲಿ 'ಖ್ವಾಬ್' ಎಂದು ಬರೆದು 'ಖಾಬ್' ಎನ್ನುವವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. 'ಲೆ' ಮತ್ತು 'ಅಮಿ' ಸೇರಿ 'ಲಮಿ', ಅಂದರೆ ಗೆಳೆಯ. ಊರು, ಅಲ್ಲಿ ಸೇರಿ ಊರಲ್ಲಿ ಆದಂತೆ ಲೋಪಸಂಧಿ. ಗೆಳೆಯರು ಹಲವರಾದರೆ ನಡುವೆ ಇನ್ನೊಂದು ಧ್ವನಿ ನುಸುಳುತ್ತದೆ; ನಮ್ಮ 'ಮನೆಯಲ್ಲಿ'ಯ ಯಕಾರದಂತೆ.

ಶಬ್ದಗಳ ಪಟ್ಟಿಯಲ್ಲೂ ಪರಿಚಿತರು ಸಿಕ್ಕರು. ಸಕ್ಕರೆಗೆ 'ಸುಕ್ರ್', ಹತ್ತಿಗೆ 'ಕೊತೋಂ', ಅಂಗಡಿಗೆ 'ಮಗಜೇಂ'. ಮೂಲದಲ್ಲಿ ಅರಬಿಯ ಸುಕ್ಕರ್, ಕುತ್ನ್, ಮಖ್ಜನ್. ಆ ಸುಕ್ಕರ್ ಕೂಡ ಸಂಸ್ಕೃತದ ಶರ್ಕರದಿಂದ ಫಾರ್ಸಿಯ ಮೂಲಕ ಹೋದದ್ದು. ಇನ್ನು ದಾಂಡೇಲಿಯ ಕಟ್ಟಿಗೆ ಡಿಪೋ? ಡಿಪೋ ಫ್ರೆಂಚ್ ಶಬ್ದ. ಬರೆಯುವಾಗ ಕೊನೆಗೊಂದು 'ಟಿ' ಇದೆ. ಅದನ್ನು ನುಂಗಿಯೇ ಉಚ್ಚರಿಸಬೇಕು. ಶಾಲೆಯ ಮುಖ ನೋಡದ ಲಾರಿ ಹಮಾಲರೂ ಅದನ್ನು ಸರಿಯಾಗಿಯೇ ಹೇಳುತ್ತಾರೆ. ಮರ ಕಡಿಯಲು ಗುರುತು ಮಾಡಿದ ಕಾಡಿನ ತುಂಡು 'ಕೂಪು'. ಫ್ರೆಂಚ್‌ನಲ್ಲಿ 'ಕೂಪ್' ಎಂದರೆ ಕಡಿತ.

ಎಲ್ಲವೂ ಸುಲಭವೆಂದಲ್ಲ. ಊ ಎನ್ನುವಂತೆ ತುಟಿ ಚೂಪು ಮಾಡಿ ಒಳಗಿನಿಂದ ಈ ಎನ್ನಬೇಕಾದ ಸ್ವರವೊಂದಿದೆ. ನಾವಿಬ್ಬರೂ ಹೇಳಲು ಹೋಗಿ ನಕ್ಕು ಸುಸ್ತಾದೆವು. ಎಂಬತ್ತಕ್ಕೆ 'ನಾಲ್ಕು ಇಪ್ಪತ್ತು', ತೊಂಬತ್ತಕ್ಕೆ 'ನಾಲ್ಕು ಇಪ್ಪತ್ತು ಹತ್ತು' ಎನ್ನುತ್ತಾರೆ. ಕುರ್ಚಿ ಮೇಜುಗಳಿಗೂ ಲಿಂಗವುಂಟು. ಅವರಿಗೆ ಸೂರ್ಯ ಗಂಡು, ಚಂದ್ರ ಹೆಣ್ಣು. ಅರಬಿಯಲ್ಲಿ ಸರಿ ತಿರುವು ಮುರುವು. ಇದಕ್ಕೆ ಬಾಯಿಪಾಠವೇ ಗತಿ.

ನಮ್ಮ ತಾಲೂಕಿಗೆ ಪರಭಾಷೆಯ ಹೆದರಿಕೆ ಎಂದೂ ಇರಲಿಲ್ಲ. 1966ರಲ್ಲಿ ಮುಂಡಗೋಡದ ಹತ್ತಿರ ಟಿಬೆಟನ್ ನಿರಾಶ್ರಿತರ ಕ್ಯಾಂಪ್ ಆದ ಮೇಲೆ ಅವರು ಸಂತೆಯಲ್ಲಿ ಕನ್ನಡ ಕಲಿತರು, ನಮ್ಮ ವ್ಯಾಪಾರಿಗಳು ಅವರ ನಾಲ್ಕು ಮಾತು ಕಲಿತರು. ಇದಕ್ಕೆ ಯಾರೂ ಇಂಗ್ಲಿಷಿನ ಅಪ್ಪಣೆ ಕೇಳಲಿಲ್ಲ.

ಹುಡುಗಿ ಫ್ರೆಂಚ್ ಕಲಿಯಲಿ, ಚೆನ್ನಾಗಿಯೇ ಕಲಿಯಲಿ. ನನ್ನ ಸಂಕಟ ಬೇರೆ. ಅಂಕದ ಲೆಕ್ಕದಲ್ಲಿ ಹದಿನಾರನೇ ವಯಸ್ಸಿಗೆ ಕನ್ನಡ, ಉರ್ದು ಎರಡನ್ನೂ ಶಾಲೆಯ ಬಾಗಿಲಲ್ಲಿ ಬಿಟ್ಟು ಹೋಗುವ ಮಕ್ಕಳಿಗೆ ತಾವು ಬಿಟ್ಟದ್ದೇನೆಂದು ಯಾರು ಹೇಳಬೇಕು? ಅವಳ ನಾನಿ ಬರೆದಿಟ್ಟ ಪತ್ರಗಳು ನಮ್ಮ ಮನೆಯ ಟ್ರಂಕಿನಲ್ಲಿವೆ, ಎಲ್ಲ ಉರ್ದುವಿನಲ್ಲಿ. ಕುರ್‌ಆನ್ ಓದಬಲ್ಲ ಮೊಮ್ಮಗಳಿಗೆ ಅವನ್ನು ಓದಲು ಬೇಕಾದದ್ದು ಇನ್ನು ಕೆಲವೇ ಅಕ್ಷರಗಳು. ಈ ರಜೆಯಲ್ಲಿ ಫ್ರೆಂಚ್ ಪುಸ್ತಕದ ಅಂಚಿನಲ್ಲೇ ಅವನ್ನು ಬರೆದುಕೊಟ್ಟಿದ್ದೇನೆ, 'ಝೆ'ಯಿಂದ ಶುರುಮಾಡಿ.